ಚಿಕ್ಕು ತೋಟದ ನಡುವೆ ಒಂದು ಕೋಣೆ

ಕಿಟಕಿಯ ಅಗುಳಿ ತೆಗೆದು ತಳ್ಳಿದರೆ ಅದು ಪೂರ್ತಿ ತೆರೆಯುವುದೇ ಇಲ್ಲ. ಕೊಂಬೆ ಅಡ್ಡ! ಆ ಒಂದೇ ಕೊಂಬೆಯಲ್ಲಿ ಹೂವು, ಹೀಚು, ಬಲಿತ ಕಾಯಿ ಮೂರೂ ಇವೆ. ಬಗ್ಗಿ ನೋಡಿದರೆ ಆಚೆಗೂ ಮರ, ಅದರಾಚೆಗೂ ಮರ. ನಡುಹಗಲಲ್ಲೂ ನೆಲಕ್ಕೆ ಬಿಸಿಲು ಇಳಿಯದಷ್ಟು ದಟ್ಟ ನೆರಳು. ಇಂಥ ಕೋಣೆ ಎರಡು ರಾತ್ರಿಯ ಮಟ್ಟಿಗಾದರೂ ನಮ್ಮದಾಗುತ್ತದೆ ಎಂದರೆ, ಡೊಂಬಿವಲಿಯ ಬಾಲ್ಕನಿಯಲ್ಲಿ ತುಳಸಿ ಕುಂಡಕ್ಕೇ ಜಾಗ ಸಾಲದೆ ಒದ್ದಾಡುವವರು ಹೇಗೆ ನಂಬಬೇಕು?

ಊರು ಘೋಲ್ವಡ್, ಡಹಾಣು ತಾಲೂಕು. 2014ರ ಆಗಸ್ಟ್ 1ರಂದು ಪಾಲ್ಘರ್ ಜಿಲ್ಲೆ ಬೇರೆಯಾಗುವವರೆಗೆ ನಮ್ಮ ಥಾಣೆ ಜಿಲ್ಲೆಯದೇ ಊರು. ಕಲ್ಯಾಣ್, ಡೊಂಬಿವಲಿಯವರು ದಿವಾದಲ್ಲಿ ವಸಯಿ ಗಾಡಿ ಹಿಡಿದು, ಅಲ್ಲಿಂದ ಡಹಾಣು ಕಡೆಗೆ ಹೊರಟರೆ ಆಯಿತು. ಇಟಲಿ, ಸ್ಪೇನ್‌ಗಳ ಆಲಿವ್ ಕಣಿವೆಗಳಲ್ಲಿ ಹಳೆಯ ಮನೆ ಬಾಡಿಗೆ ಹಿಡಿದು ರಜೆ ಕಳೆಯುವವರ ಫೋಟೊ ನೋಡಿ ಎಷ್ಟು ಸಲ ಆಸೆಪಟ್ಟಿದ್ದೇವೆ! ಅದೇ ಸುಖ ಇಲ್ಲೂ ಉಂಟು: ಘೋಲ್ವಡ್, ಪಕ್ಕದ ಬೋರ್ಡಿಯ ವಾಡಿಗಳಲ್ಲಿ, ಅಂದರೆ ಹಣ್ಣಿನ ತೋಟಗಳಲ್ಲಿ, ತೋಟದವರೇ ತಮ್ಮ ಮನೆಯ ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾರೆ. ಎಷ್ಟೋ ಮನೆಗಳು ಇರಾನಿಗಳವು, ಪರ್ಷಿಯಾದಿಂದ ಬಂದು ಇಲ್ಲಿ ಬೇರೂರಿದ ಝೊರಾಸ್ಟ್ರಿಯನ್ ಕುಟುಂಬಗಳವು. ಊಟಕ್ಕೆ ಬೇಳೆ, ಮಾಂಸದ ಧನ್‌ಸಾಕ್ ಬಂದರೆ ಬೇಡವೆನ್ನಬೇಡಿ.

ಚಿಕ್ಕು ಮರವೂ ಪರದೇಶಿಯೇ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯದು. ಇದರ ಹಾಲನ್ನು ಗಟ್ಟಿಮಾಡಿ ಮಾಯಾ ಜನ ಅಗಿಯುತ್ತಿದ್ದರು, ಇಂದಿನ ಚೂಯಿಂಗ್ ಗಮ್ಮಿನ ಮೂಲ ಅದೇ. ಮಹಾರಾಷ್ಟ್ರದಲ್ಲಿ ಚಿಕ್ಕು ಬೆಳೆ ಶುರುವಾದದ್ದು ಇದೇ ಘೋಲ್ವಡ್‌ನಲ್ಲಿ, 1898ರಲ್ಲಿ. ಈಗ ಜಿಲ್ಲೆಯಲ್ಲಿ ಸುಮಾರು 5,000 ಹೆಕ್ಟೇರ್ ಚಿಕ್ಕು ಇದೆ. 2016ರಲ್ಲಿ ಘೋಲ್ವಡ್ ಚಿಕ್ಕುವಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು, 2021ರಲ್ಲಿ ಬ್ರಿಟನ್ನಿಗೆ ಹಣ್ಣು ಹಡಗೋ ವಿಮಾನವೋ ಏರಿತು. ಇಲ್ಲಿನ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು, ಆ ವಿಶೇಷ ಸಿಹಿ ಅದರಿಂದಲೇ ಎಂದು ಬೆಳೆಗಾರರ ನಂಬಿಕೆ.

ಬೆಳಗ್ಗೆ ಬೇಗ ಏಳಿ, ದಯವಿಟ್ಟು. ಕೊಯ್ಲು ನೋಡದೆ ಬಂದರೆ ಹೋದದ್ದೇ ದಂಡ. ತುದಿಗೆ ಬಲೆ ಕಟ್ಟಿದ ಉದ್ದನೆಯ ದೋಟಿ ಹಿಡಿದು ವಾರ್ಲಿ ಆದಿವಾಸಿ ಹೆಂಗಸರು ಮರದ ಕೆಳಗೆ ಕತ್ತೆತ್ತಿ ನಿಂತಿರುತ್ತಾರೆ. ನೂರಾರು ಕಂದು ಕಾಯಿಗಳ ನಡುವೆ ಬಲಿತದ್ದು ಯಾವುದೆಂದು ಹೇಗೆ ಗೊತ್ತಾಗುತ್ತದೆ? ಕೇಳಿದ್ದಕ್ಕೆ ಒಬ್ಬ ಮಾವ್ಶಿ ಮಾತಾಡದೆ ಕಾಯಿಯೊಂದರ ಮೇಲೆ ಹೆಬ್ಬೆರಳಿನ ಉಗುರು ಎಳೆದು ತೋರಿಸಿದರು. ಗೀರು ಹಸಿರು. ಇದು ಬೇಡ. ಇನ್ನೊಂದರ ಮೇಲೆ ಎಳೆದರು. ಹಳದಿ. ಇದು ಬುಟ್ಟಿಗೆ! ತೊಟ್ಟಿನಿಂದ ಬಿಳಿ ಹಾಲು ಜಿನುಗಿ ಬೆರಳಿಗೆ ಅಂಟಿತು. ಆಮೇಲೆ ಕಾಯಿ ತೊಳೆಯುವುದು, ಗಾತ್ರ ನೋಡಿ ವಿಂಗಡಿಸುವುದು. ವಾಶಿಯ ಮಂಡಿಯಿಂದ ಬಂದ ಚಿಕ್ಕು ತಿಂದೇ ಬೆಳೆದವರಿಗೂ ಇದೊಂದು ಬೇರೆಯೇ ಲೋಕ.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಮರದ ಬುಡ. ಚಿಕ್ಕುವನ್ನು ಕಸಿ ಕಟ್ಟುವುದು ರಾಯಣದ ಗಿಡದ ಮೇಲೆ. ಬೇಸಿಗೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಆ ಪುಟ್ಟ ಹಳದಿ ಹಣ್ಣಿನ ರಾಯಣ, ಅದೇ ಖಿರ್ಣಿ, ಅಪ್ಪಟ ಈ ನೆಲದ್ದು. ಅಂದರೆ ನೆಲದೊಳಗೆ ಗುಜರಾತ್, ಕೊಂಕಣದ ಬೇರು, ಮೇಲೆ ಮೆಕ್ಸಿಕೊದ ಕೊಂಬೆ! ಎರಡೂ ಕೂಡಿಕೊಳ್ಳಲು ಕಾರಣ, ಎರಡೂ ಒಂದೇ ಮನೆತನ. ಆ ಮನೆತನದಲ್ಲಿ ಮತ್ತೆ ಯಾರಿದ್ದಾರೆ ನೋಡಿ: ನಮ್ಮ ಅಜ್ಜಿಯರು ದಾರಕ್ಕೆ ಪೋಣಿಸಿ ಮುಡಿಯುತ್ತಿದ್ದ ರಂಜದ ಹೂವಿನ ಮರ, ವಾರ್ಲಿಗಳು ಪೂಜಿಸುವ ಮಹುವಾ, ಅಂದರೆ ನಮ್ಮ ಹಿಪ್ಪೆ. ಸಾಗರ ದಾಟಿ ಬಂದ ಮರಕ್ಕೆ ಇಲ್ಲಿ ಬಂಧುಬಳಗ ಮೊದಲೇ ಕಾದಿತ್ತು!

ವಾಡಿ ಬಿಟ್ಟು ಹೊರಟರೂ ಅಷ್ಟೇ, ಕಾಲಿಟ್ಟಲ್ಲೆಲ್ಲ ಕಥೆ. ಬಹ್ರೋಟ್ ಬೆಟ್ಟದ ಗುಹೆಗಳಲ್ಲಿ ಪಾರ್ಸಿಗಳು, ತಮ್ಮ ಹಳೆಯ ನೆಲೆ ಸಂಜಾಣ ಶತ್ರುಗಳ ಕೈಗೆ ಬಿದ್ದ ಮೇಲೆ, ತಮ್ಮ ಪವಿತ್ರ ಅಗ್ನಿಯನ್ನು ಹನ್ನೆರಡು ವರ್ಷ ಅಡಗಿಸಿ ಕಾಪಾಡಿದರೆಂದು ಪರಂಪರೆ ಹೇಳುತ್ತದೆ. ಆ ಅಗ್ನಿ 1742ರಿಂದ ಗುಜರಾತಿನ ಉದ್ವಾಡಾದಲ್ಲಿ ಉರಿಯುತ್ತಿದೆ. ಬೋರ್ಡಿಯಲ್ಲಿ 1945ರಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಹಳ್ಳಿ ಮಕ್ಕಳಿಗೆ ಬಾಲವಾಡಿ ತೆರೆದರು, ಜೊತೆಗೆ ಅವರ ಸಹೋದ್ಯೋಗಿ ಅನುತಾಯಿ ವಾಘ್. ನಾವು ದಿನಾ ಆಡುವ ಬಾಲವಾಡಿ ಎಂಬ ಮಾತಿನ ಹಿಂದೆ ಈ ಕಡಲತೀರವಿದೆ.

ಇಷ್ಟು ಹಸಿರು ಉಳಿದದ್ದು ತಾನಾಗಿ ಅಲ್ಲ. 1991ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಡಹಾಣು ತಾಲೂಕನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಿ ಕಾರ್ಖಾನೆಗಳಿಗೆ ಕಡಿವಾಣ ಹಾಕಿತು. ಅದು ಕಾಗದದಲ್ಲೇ ಉಳಿಯದಂತೆ ಪರಿಸರ ಹೋರಾಟಗಾರ್ತಿ ನರ್ಗಿಸ್ ಇರಾನಿಯಂಥವರು ವರ್ಷಗಟ್ಟಲೆ ಕೋರ್ಟು ಹತ್ತಿಳಿದರು. ಈಗ ಅದೇ ತಾಲೂಕಿನ ವಾಢವಣ್‌ನಲ್ಲಿ ಬೃಹತ್ ಬಂದರಿಗೆ 2024ರ ಆಗಸ್ಟ್ 30ರಂದು ಶಂಕುಸ್ಥಾಪನೆಯಾಗಿದೆ. ನೋಡುವ ಮನಸ್ಸಿದ್ದರೆ ತಡಮಾಡಬೇಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಬರುವಾಗ ಚಿಕ್ಕು ಕಾಯಿಯನ್ನೇ ಕೊಳ್ಳಿ. ಮನೆಯಲ್ಲಿ ನಾಲ್ಕೈದು ದಿನಕ್ಕೆ ಹಣ್ಣಾಗುತ್ತದೆ.