ಆಪರೇಷನ್ ಕೋಣೆಯಲ್ಲೇ ಇತ್ತು ಖಿನ್ನತೆಯ ಮದ್ದು!

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಗೆ 1993ರಲ್ಲಿ ಇಬ್ಬರು ಡಾಕ್ಟರು ಬಂದು ಗುಡಿಸಲಿನಲ್ಲಿ ಆಸ್ಪತ್ರೆ ತೆರೆದರು. ಲಲಿತಾ ಹೆರಿಗೆ ತಜ್ಞೆ, ಪತಿ ರೆಜಿ ಜಾರ್ಜ್ ಅರಿವಳಿಕೆ ತಜ್ಞ. ಇಂಥ ಊರುಗಳಿಗೆಂದೇ ಹುಟ್ಟಿತೇನೋ ಎನಿಸುವ ಅರಿವಳಿಕೆ ಔಷಧಿಯೊಂದಿದೆ: ಕೆಟಮಿನ್. ಅದನ್ನು ಕೊಟ್ಟ ಮೇಲೂ ರೋಗಿ ಸಾಮಾನ್ಯವಾಗಿ ತಾನಾಗಿಯೇ ಉಸಿರಾಡುತ್ತಾನೆ, ರಕ್ತದೊತ್ತಡ ಕುಸಿಯುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ನೋವು ಮಾತ್ರ ತಟ್ಟದು! ದೊಡ್ಡ ಯಂತ್ರಗಳಿಲ್ಲದ ಕೋಣೆಯಲ್ಲೂ ಜೀವ ಉಳಿಸಿದ ಈ ಮದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ಅದೇ ಬಾಟಲಿಯಲ್ಲಿ ಇನ್ನೊಂದು ಗುಟ್ಟು ಅಡಗಿತ್ತು. ಅಮೆರಿಕದ ರಸಾಯನ ವಿಜ್ಞಾನಿ ಕ್ಯಾಲ್ವಿನ್ ಸ್ಟೀವನ್ಸ್ ಕೆಟಮಿನ್ ತಯಾರಿಸಿದ್ದು 1962ರಲ್ಲಿ. ಯೇಲ್ ವಿಶ್ವವಿದ್ಯಾಲಯದ ವೈದ್ಯರು ಅದನ್ನು ಖಿನ್ನತೆಯ ಕೆಲವೇ ರೋಗಿಗಳ ಮೇಲೆ ಪರೀಕ್ಷಿಸಿ ವರದಿ ಬರೆದದ್ದು 2000ದಲ್ಲಿ. ಕಿಲೋ ತೂಕಕ್ಕೆ ಬರೀ ಅರ್ಧ ಮಿಲಿಗ್ರಾಂ, ರಕ್ತನಾಳಕ್ಕೆ ಹನಿಹನಿಯಾಗಿ 40 ನಿಮಿಷ. ಮೂರು ದಿನ ಕಳೆಯುವುದರೊಳಗೆ ಮನಸ್ಸು ಹಗುರಾಗತೊಡಗಿತ್ತು! ಮಾಮೂಲಿ ಮಾತ್ರೆಗಳು ಹಿಡಿಯಲು ವಾರಗಳೇ ಬೇಕು. ಧರ್ಮಪುರಿಯಿಂದ ಬೆಂಗಳೂರಿನ ಮನೋರೋಗ ಆಸ್ಪತ್ರೆ ನಿಮ್ಹಾನ್ಸ್‌ಗೆ ಬಸ್ಸು ಹತ್ತುವ ಮನೆಯವರಿಗೆ ಆ ವಾರಗಳು ಎಷ್ಟು ಉದ್ದವೆಂದು ಗೊತ್ತು. 2006ರಲ್ಲಿ ಅಮೆರಿಕದ ಮನೋವೈದ್ಯ ಕಾರ್ಲೋಸ್ ಝರಾಟೆ ಅವರ ತಂಡ, ಬೇರೆ ಔಷಧಿ ನಾಟದ 18 ಮಂದಿಯ ಮೇಲೆ ಅಧ್ಯಯನ ನಡೆಸಿತು. ಕೆಟಮಿನ್ ಪಡೆದ ಹತ್ತರಲ್ಲಿ ಏಳು ಮಂದಿಯಷ್ಟು ಒಂದೇ ದಿನದಲ್ಲಿ ಸಾಕಷ್ಟು ಸುಧಾರಿಸಿದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ನಾಲ್ಕು ದಶಕ!

ಒಂದು ಡೋಸಿನ ಗುಣ ಒಂದೆರಡು ವಾರದಲ್ಲಿ ಇಳಿಯುತ್ತದೆ, ನಿಜ. ಚಟ ಹತ್ತಬಹುದು, ಮಿತಿಮೀರಿದರೆ ಮೂತ್ರಕೋಶ ಹಾಳು. ಭಾರತ 2013ರಲ್ಲೇ ಇದನ್ನು ಔಷಧಿ ನಿಯಮಗಳ ಕಟ್ಟುನಿಟ್ಟಿನ ಎಕ್ಸ್ ಶೆಡ್ಯೂಲಿಗೆ ಸೇರಿಸಿತು. ಡಾಕ್ಟರ ಕಣ್ಣೆದುರೇ ತೆಗೆದುಕೊಳ್ಳಬೇಕಾದ ಮದ್ದು ಇದು.

ಆದರೆ ಮಿದುಳಿನೊಳಗೆ ನಡೆಯುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ನರಕೋಶಗಳ ಟಿಸಿಲುಗಳ ಮೇಲೆ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಒಂದು ಕೋಶ ಇನ್ನೊಂದರ ಸಂದೇಶ ಪಡೆಯುವುದು ಅಲ್ಲೇ. ದೀರ್ಘ ಒತ್ತಡಕ್ಕೆ ಸಿಕ್ಕಿದ ಇಲಿಗಳಲ್ಲಿ ಅವು ಉದುರಿಹೋಗುತ್ತವೆ. ಕೆಟಮಿನ್ ಕೊಟ್ಟರೆ ಕಳೆದುಹೋದ ಜಾಗಗಳಲ್ಲೇ ಎಷ್ಟೋ ಮುಳ್ಳುಗಳು ಮತ್ತೆ ಮೂಡುತ್ತವೆ! 2019ರಲ್ಲಿ ವಿಜ್ಞಾನಿಗಳು ಜೀವಂತ ಇಲಿಯ ಮಿದುಳಿನಲ್ಲೇ ಇದನ್ನು ಕಂಡರು. ಹೊಸ ಮುಳ್ಳುಗಳನ್ನು ಬೆಳಕಿನಿಂದ ಅಳಿಸಿದಾಗ ಇಲಿ ಮತ್ತೆ ಕುಗ್ಗಿತು. ಇನ್ನೂ ಸೋಜಿಗ ಕೇಳಿ: ಇಲಿ ಚುರುಕಾದದ್ದು ಮೂರು ಗಂಟೆಯೊಳಗೆ, ಮುಳ್ಳುಗಳು ಮೂಡಿದ್ದು ಅದಾದ ಎಷ್ಟೋ ಹೊತ್ತಿನ ಮೇಲೆ. ಹಾಗಾದರೆ ಇಲಿಯನ್ನು ಮೊದಲು ಎಬ್ಬಿಸಿದ್ದು ಯಾವುದು?