ಕಾಳಿ, ನಿಪ್ಪರ್ ಮತ್ತು ನಿಮ್ಮ ಮನೆಯ ಮೋತಿ



ಹಳೆಯ ಗ್ರಾಮಫೋನ್ ತಟ್ಟೆಗಳ ನಡುವೆ ಇರುತ್ತಿದ್ದ ದುಂಡನೆಯ ಲೇಬಲ್ ನಿಮಗೆ ನೆನಪಿದೆಯೇ? ಕಹಳೆಯ ಮುಂದೆ ಕುಳಿತು, ತಲೆ ಓರೆ ಮಾಡಿ ಕೇಳುತ್ತಿರುವ ಬಿಳಿ ನಾಯಿ! ಎಚ್.ಎಂ.ವಿ. ನಾಯಿ ಎಂದೇ ಅದು ಮನೆಮಾತು. ನಮ್ಮ ಎಷ್ಟೋ ಹಾಡುಗಳು ಆ ನಾಯಿಯ ಜೊತೆಗೇ ಮನೆಯೊಳಗೆ ಬಂದವು.

ಆ ನಾಯಿ ಯಾರದೋ ಕಲ್ಪನೆಯಲ್ಲ. ಅದು ಇಂಗ್ಲೆಂಡಿನ ಒಂದು ಮನೆಯ ಸಾಕುನಾಯಿ, ಹೆಸರು ನಿಪ್ಪರ್. ಅದರ ಯಜಮಾನ ಮಾರ್ಕ್ ಬರಾಡ್ ತೀರಿಕೊಂಡಾಗ ಅವನ ಸಹೋದರ, ಚಿತ್ರಕಾರ ಫ್ರಾನ್ಸಿಸ್ ಬರಾಡ್ ಅದನ್ನು ತನ್ನ ಮನೆಗೆ ಕರೆತಂದ. 1895ರಲ್ಲಿ ನಿಪ್ಪರ್ ಸತ್ತಿತು. ಮೂರು ವರ್ಷ ಕಳೆದ ಮೇಲೆ, 1898ರಲ್ಲಿ, ಫ್ರಾನ್ಸಿಸ್ ಅದನ್ನು ತೈಲವರ್ಣದಲ್ಲಿ ಬರೆದ. ಆಗ ಅದರ ಎದುರಿಗೆ ಇದ್ದದ್ದು ಬೇರೆ ಯಂತ್ರ, ಮೇಣದ ಉರುಳೆಯ ಫೋನೋಗ್ರಾಫ್. ‘ಅದನ್ನು ತೆಗೆದು ನಮ್ಮ ಗ್ರಾಮಫೋನ್ ಬರೆದುಕೊಟ್ಟರೆ ಕೊಳ್ಳುತ್ತೇವೆ’ ಎಂದಿತು ಗ್ರಾಮಫೋನ್ ಕಂಪನಿ. 1899ರಲ್ಲಿ ಅವನು ಹಳೆಯ ಯಂತ್ರದ ಮೇಲೆಯೇ ಹೊಸ ಯಂತ್ರ ಬರೆದುಕೊಟ್ಟ. ಚಿತ್ರಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು ಸಿಕ್ಕಿತು. ತೈಲವರ್ಣದ ದೊಡ್ಡ ಗುಣವೇ ಇದು, ತಿದ್ದಲು ಬಿಡುತ್ತದೆ. ಯಂತ್ರ ಬದಲಾಯಿತು, ನಾಯಿಯ ತಲೆಯ ಆ ಓರೆ ಮಾತ್ರ ಹಾಗೇ ಉಳಿಯಿತು. ಏಕೆಂದರೆ ಅದು ಯಾವುದೋ ಒಂದು ನಾಯಿಯಲ್ಲ, ನಿಪ್ಪರ್.

ಇದೆಲ್ಲ ಬಿಳಿಯರ ಶೋಕಿ ಎಂದುಕೊಳ್ಳಬೇಡಿ. ಸಾವಿರ ವರ್ಷಕ್ಕೂ ಹಿಂದೆಯೇ ಕನ್ನಡನಾಡು ಈ ಕೆಲಸ ಮಾಡಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಕಥೆ ಕೇಳಿ. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧವಾಯಿತು. ಅಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗ ‘ಮೆಚ್ಚಿದೆ, ಏನು ಬೇಕೋ ಕೇಳು’ ಎಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ನಾಯಿ ಹಂದಿಗಳ ಕಾಳಗದ ಉಬ್ಬುಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯ ಹೆಸರೂ ಅದರ ಮೇಲಿದೆ.

ನಮ್ಮ ಕುರ್ಲಾದ ಖೋಲಿಗಳಲ್ಲಿ ಕಲ್ಲು ನಿಲ್ಲಿಸಲು ಜಾಗವಿಲ್ಲ, ನಿಜ. ಆದರೆ ಹತ್ತು ಇಂಚು ಅಗಲ, ಹನ್ನೆರಡು ಇಂಚು ಉದ್ದದ ಒಂದು ಕ್ಯಾನ್ವಾಸ್ ಬೋರ್ಡಿಗೆ ಗೋಡೆಯ ಮೇಲೆ ಜಾಗವಿದ್ದೇ ಇದೆ. ಮನೆಯ ನಾಯಿಯನ್ನೋ ಅಕ್ಕನ ಮನೆಯ ಬೆಕ್ಕನ್ನೋ ಎಣ್ಣೆಬಣ್ಣದಲ್ಲಿ ಬರೆಯುವುದು ಹೇಗೆ? ಬನ್ನಿ, ನೋಡೋಣ.

ಫೋಟೋ ಇರುವಾಗ ಚಿತ್ರವೇಕೆ?

ಫೋನಿನಲ್ಲಿ ಸಾವಿರ ಫೋಟೋ ಇರಬಹುದು. ಫೋಟೋ ತೆಗೆಯಲು ಒಂದು ಕ್ಷಣ ಸಾಕು. ಚಿತ್ರ ಬರೆಯಬೇಕಾದರೆ ಇಪ್ಪತ್ತು ಗಂಟೆ ಆ ಮುಖವನ್ನೇ ನೋಡಬೇಕು. ಎಡಗಿವಿ ಸ್ವಲ್ಪ ಬಾಗಿದೆ, ಮೂತಿಯ ಸುತ್ತ ನರೆ ಬಂದಿದೆ ಎಂಬುದೆಲ್ಲ ಆಗ ಕಣ್ಣಿಗೆ ಬೀಳುತ್ತದೆ. ಕಣ್ಣಿನಲ್ಲಿ ಹೊಸದಾಗಿ ಮಬ್ಬು ಕವಿದಿದ್ದರೆ, ಕುತ್ತಿಗೆಯ ಬಳಿ ಗಂಟು ಎದ್ದಿದ್ದರೆ ಅದೂ ಕಾಣುತ್ತದೆ. ಹಾಗೇನಾದರೂ ಕಂಡರೆ ಬ್ರಶ್ ಕೆಳಗಿಟ್ಟು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಾಯಿಯ ಆಯಸ್ಸು ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ. ‘ಹೋದ ಮೇಲೆ ನೆನಪಿಗೊಂದು ಚಿತ್ರ ಬರೆಸೋಣ’ ಎನ್ನುವವರೇ ಹೆಚ್ಚು. ನನ್ನ ಮಾತು ಇಷ್ಟೇ: ಅದು ನಿಮ್ಮ ಕಾಲ ಬಳಿ ಮಲಗಿರುವಾಗಲೇ ಶುರುಮಾಡಿ.

ಒಣಗುವ ಎಣ್ಣೆ

ಬಣ್ಣಕ್ಕೆ ಎಣ್ಣೆಯೇ ಏಕೆ? ನಮ್ಮ ಉತ್ತರ ಕರ್ನಾಟಕದವರು ಅಗಸಿ ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆಯ ಎಣ್ಣೆ ಇದು. ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಸವರಿದರೆ ಜಿಡ್ಡು ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ನೀರುಬಣ್ಣ ಆರುವುದು ನೀರು ಆವಿಯಾಗಿ, ಎಣ್ಣೆಬಣ್ಣ ಗಟ್ಟಿಯಾಗುವುದು ಗಾಳಿಯನ್ನು ಉಂಡು! ಅದಕ್ಕೇ ಅದು ನಿಧಾನ. ತೆಳ್ಳಗಿನ ಲೇಪ ಕೈಗೆ ಅಂಟದಂತಾಗಲು ಕೆಲವು ದಿನ ಬೇಕು, ಒಳಗೆಲ್ಲ ಗಟ್ಟಿಯಾಗಲು ತಿಂಗಳುಗಳೇ ಬೇಕು.

ಈ ನಿಧಾನವೇ ಕಲಿಯುವವರಿಗೆ ವರ. ಸಂಜೆ ಬರೆದದ್ದು ಬೆಳಿಗ್ಗೆಯೂ ಹಸಿಯಾಗಿರುತ್ತದೆ. ಮೂಗು ವಕ್ರವಾಯಿತೇ? ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು.

ಸಾಮಾನು ಹೆಚ್ಚೇನೂ ಬೇಡ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಸ್ಟೇಷನರಿ ಅಂಗಡಿಗಳಿಗೇ ಹೆಸರಾದದ್ದು. ಐದು ಟ್ಯೂಬ್ ಸಾಕು: ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ. ಜೊತೆಗೆ ಒಂದು ಸಣ್ಣ ಬಾಟಲಿ ಅಗಸೆ ಎಣ್ಣೆ, ಎರಡು ಚಪ್ಪಟೆ ಬ್ರಶ್, ಒಂದು ಸಣ್ಣ ದುಂಡು ಬ್ರಶ್.

ಮೊದಲು ಪ್ರಾಣಿಯ ಪ್ರಾಣ

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. ಒಂದೇ ಖೋಲಿಯಲ್ಲಿ ಅಡುಗೆ, ನಿದ್ದೆ, ಮಕ್ಕಳ ಓದು, ಬೆಕ್ಕು, ಜೊತೆಗೆ ನಿಮ್ಮ ಬಣ್ಣ. ಎಲ್ಲವೂ ಒಟ್ಟಿಗೇ ಇರುವ ಮನೆಗಳು ನಮ್ಮವು.

ಟರ್ಪೆಂಟೈನ್ ಬೆಕ್ಕು ನಾಯಿಗಳಿಗೆ ವಿಷ. ಅದರ ಆವಿಯೂ ಒಳ್ಳೆಯದಲ್ಲ. ಬೆಕ್ಕಂತೂ ಮೈಗೆ ಅಂಟಿದ್ದನ್ನೆಲ್ಲ ನೆಕ್ಕಿಯೇ ತೀರುತ್ತದೆ. ಆದ್ದರಿಂದ ಮನೆಯೊಳಗೆ ಟರ್ಪೆಂಟೈನ್ ಇಲ್ಲದೆಯೇ ಕೆಲಸ ಮಾಡಿ. ಬ್ರಶ್ ತೊಳೆಯಲು ಮೊದಲು ಸ್ವಲ್ಪ ಸೂರ್ಯಕಾಂತಿ ಎಣ್ಣೆಯಲ್ಲಿ ಅದ್ದಿ ಒರೆಸಿ, ಆಮೇಲೆ ಸೋಪು ಹಾಕಿ ಜಿಡ್ಡು ಹೋಗುವವರೆಗೆ ತೊಳೆಯಿರಿ. ಸೀಸವಿರುವ ಫ್ಲೇಕ್ ವೈಟ್, ಕ್ಯಾಡ್ಮಿಯಂ ಬಣ್ಣಗಳು ಇಂಥ ಮನೆಗೆ ಬೇಡವೇ ಬೇಡ. ಪ್ರಾಣಿಯ ಮೈಗೆ ಬಣ್ಣ ತಾಗಿದರೆ ಟರ್ಪೆಂಟೈನಿನಿಂದ ಒರೆಸಲು ಹೋಗಬೇಡಿ. ಸೌಮ್ಯವಾದ ಸೋಪಿನಿಂದ ತೊಳೆಯಿರಿ. ನೆಕ್ಕಿಬಿಟ್ಟಿದ್ದರೆ ತಡಮಾಡದೆ ಪಶುವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಅಗಸೆ ಎಣ್ಣೆ ಗಾಳಿಯನ್ನು ಹೀರುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಸೇರಿಕೊಂಡು, ಬೆಂಕಿಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು! ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯಿರಿ. ಗೋಡೆಗೆ ಗೋಡೆ ಅಂಟಿಕೊಂಡ ಚಾಳಿನಲ್ಲಿ ಇದು ಒಬ್ಬರ ಮನೆಯ ಮಾತಲ್ಲ.

ನೋಡುವುದು ಹೇಗೆ?

ಪ್ರಾಣಿ ನಾವು ಹೇಳಿದಂತೆ ಕೂರುವುದಿಲ್ಲ. ಹಾಗಾಗಿ ಫೋಟೋ ಬೇಕೇ ಬೇಕು. ಆದರೆ ನಿಂತು ಮೇಲಿನಿಂದ ತೆಗೆದ ಫೋಟೋದಲ್ಲಿ ತಲೆ ದೊಡ್ಡದು, ಕಾಲು ಚಿಕ್ಕದು. ತೀರಾ ಹತ್ತಿರ ಹೋದರೆ ಮೂಗೇ ಮುಖವೆಲ್ಲ! ನೆಲದ ಮೇಲೆ ಕುಳಿತು, ಅದರ ಕಣ್ಣಿನ ಮಟ್ಟದಲ್ಲಿ, ತುಸು ದೂರದಿಂದ ತೆಗೆಯಿರಿ. ಫ್ಲ್ಯಾಶ್ ಬೇಡ, ಅದರಲ್ಲಿ ಕಣ್ಣು ಹಸಿರು ಗೋಲಿಯಂತೆ ಹೊಳೆಯುತ್ತದೆ. ಕಿಟಕಿಯ ಅಥವಾ ಗ್ಯಾಲರಿಯ ಕಡೆಯಿಂದ ಬರುವ ಬೆಳಕು ಸಾಕು. ಬೆಕ್ಕಿನ ಕಣ್ಣಿನ ಪಾಪೆ ಬಿಸಿಲಲ್ಲಿ ಗೆರೆ, ಕತ್ತಲಲ್ಲಿ ದುಂಡು. ಯಾವ ಹೊತ್ತಿನ ಬೆಳಕು ಬರೆಯುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ.

ಎರಡು ಕಣ್ಣು, ಒಂದು ಮೂಗು. ಈ ಮೂರು ಚುಕ್ಕೆಗಳ ತ್ರಿಕೋನ ಸರಿಬಂದರೆ ಅರ್ಧ ಚಿತ್ರ ಬಂದ ಹಾಗೆ. ಆ ಅಳತೆ ತಾಳೆಯಾಗುವವರೆಗೆ ಬಣ್ಣ ಮುಟ್ಟಬೇಡಿ.

ಬೀದಿಯಿಂದ ಮನೆಗೆ ಬಂದ ನಾಯಿಯಾದರೆ ಕಿವಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರಬಹುದು. ಸಂತಾನಹರಣ ಚಿಕಿತ್ಸೆ ಆಗಿದೆ ಎಂಬುದರ ಗುರುತು ಅದು. ಅದನ್ನು ತಿದ್ದಿ ಚೆಂದ ಮಾಡಲು ಹೋಗಬೇಡಿ. ಕಚ್ಚು ಹೋದರೆ ಚಿತ್ರದಲ್ಲಿ ಉಳಿಯುವುದು ಯಾರದೋ ನಾಯಿ, ನಿಮ್ಮ ಮೋತಿ ಅಲ್ಲ.

ಕಪ್ಪು ಕಪ್ಪಲ್ಲ, ಬಿಳಿ ಬಿಳಿಯಲ್ಲ

ಕರಿನಾಯಿಗೆ ಕಪ್ಪು ಟ್ಯೂಬ್ ಹಿಂಡಿದರೆ ಗೋಡೆಯಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಬರ್ನ್ಟ್ ಅಂಬರಿಗೆ ಅಲ್ಟ್ರಾಮರೀನ್ ಬೆರೆಸಿ ನೋಡಿ, ಜೀವವಿರುವ ಕಪ್ಪು ಬರುತ್ತದೆ. ಕಿಟಕಿಯ ಕಡೆ ನೀಲಿ ತುಸು ಹೆಚ್ಚು, ಬಿಸಿಲು ಬೀಳುವಲ್ಲಿ ಕಂದು ತುಸು ಹೆಚ್ಚು. ಬಿಳಿಯ ಬೆಕ್ಕಿಗೂ ಇದೇ ನ್ಯಾಯ. ನಮ್ಮ ಖೋಲಿಗಳ ಗೋಡೆ ಹಸಿರೋ ನೀಲಿಯೋ ಇದ್ದರೆ ಅದರ ಛಾಯೆ ಬಿಳಿ ಮೈಮೇಲೆ ಬಿದ್ದೇ ಬೀಳುತ್ತದೆ. ಅದನ್ನು ಬರೆಯಿರಿ. ಆಗ ಆ ಬೆಕ್ಕು ನಿಮ್ಮ ಮನೆಯಲ್ಲೇ ಕುಳಿತಂತಿರುತ್ತದೆ.

ಕೂದಲನ್ನು ಒಂದೊಂದಾಗಿ ಎಣಿಸಲು ಹೋಗಬೇಡಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿ, ಬೆಳಕಿನ ಭಾಗ ಒಂದು, ನೆರಳಿನ ಭಾಗ ಒಂದು. ಮೊದಲು ಅವೆರಡನ್ನು ಚಪ್ಪಟೆ ಬ್ರಶ್ಶಿನಲ್ಲಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಎಳೆ ಎಳೆಯಾಗಿ ತೋರಿಸಬೇಕಾದದ್ದು ಕಿವಿಯ ಅಂಚು, ಕುತ್ತಿಗೆ, ಬಾಲದ ತುದಿಯಲ್ಲಿ ಮಾತ್ರ. ಕಣ್ಣಿನ ಮಿಂಚು ಕೊನೆಗೆ, ಬಿಳಿಯ ಒಂದೇ ಚುಕ್ಕೆ.

ಲೇಪಗಳಿಗೆ ಒಂದು ನಿಯಮವಿದೆ: ಕೆಳಗೆ ಎಣ್ಣೆ ಕಡಿಮೆ, ಮೇಲೆ ಎಣ್ಣೆ ಹೆಚ್ಚು. ಎಣ್ಣೆ ಹೆಚ್ಚಿದ್ದ ಲೇಪ ನಿಧಾನವಾಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಬೇಗ ಗಟ್ಟಿಯಾಗುವ ಲೇಪ ಕೂತರೆ ಮುಂದೆ ಬಿರುಕು ಬಿಡುತ್ತದೆ. ಆದ್ದರಿಂದ ಮೊದಲ ಲೇಪ ಟ್ಯೂಬಿನಿಂದ ಬಂದ ಹಾಗೇ, ತೆಳ್ಳಗೆ. ಅಂಬರ್ ಬೇಗ ಒಣಗುವ ಬಣ್ಣ, ಅಡಿಪಾಯಕ್ಕೆ ಅದು ಹೇಳಿಮಾಡಿಸಿದ್ದು. ಮೇಲಿನ ಲೇಪಗಳಿಗೆ ಮಾತ್ರ ಒಂದೆರಡು ಹನಿ ಎಣ್ಣೆ ಬೆರೆಸಿ. ವಾರ್ನಿಷ್ ಹಾಕಲು ಆರು ತಿಂಗಳಿಂದ ಒಂದು ವರ್ಷ ಕಾಯಿರಿ.

ಮಳೆಗಾಲ ಮತ್ತು ಮೀಠಿ

ಕುರ್ಲಾದವರಿಗೆ ನೀರಿನ ಬಗ್ಗೆ ಹೇಳಬೇಕೇ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು, ಮೀಠಿ ನದಿ ಮನೆಗಳೊಳಗೆ ನುಗ್ಗಿತು. ಅಂಥ ನೀರಿನಲ್ಲಿ ನೆನೆದ ಫೋಟೋ ಆಲ್ಬಮ್‌ಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಹೋಗುತ್ತವೆ. ಎಣ್ಣೆಬಣ್ಣದ ಪೊರೆ ಹನಿ ನೀರಿಗೆ ಹೆದರುವುದಿಲ್ಲ, ಆದರೆ ಅದರ ಹಿಂದಿನ ಬಟ್ಟೆ, ರಟ್ಟು ನೀರು ಕುಡಿದು ಹಾಳಾಗುತ್ತವೆ, ಬೂಷ್ಟು ಹಿಡಿಯುತ್ತವೆ. ಮಳೆ ಹೊಡೆಯುವ ಹೊರಗೋಡೆಗೆ ಚಿತ್ರ ಬೇಡ. ಒಳಗೋಡೆಯಲ್ಲಿ, ಎತ್ತರದಲ್ಲಿ, ಹಿಂದೆ ಸ್ವಲ್ಪ ಗಾಳಿಯಾಡುವಂತೆ ತೂಗುಹಾಕಿ. ಕಪಾಟಿನಲ್ಲಿ ಮುಚ್ಚಿಡಲೂ ಬೇಡಿ, ಕತ್ತಲೆಯಲ್ಲಿ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ.

ನಮ್ಮವರಿಗಾಗಿ ಬರೆಯುವಾಗ

ಬಂಧುಗಳಿಗೆ, ಗೆಳೆಯರಿಗೆ ಬರೆಯುವುದು ಸಲೀಸು ಎನಿಸುತ್ತದೆ. ನಿಜಕ್ಕೂ ಅದೇ ಕಷ್ಟ. ಅವರು ಆ ನಾಯಿಯನ್ನು ನಿಮಗಿಂತ ಚೆನ್ನಾಗಿ ಬಲ್ಲವರು! ಆದ್ದರಿಂದ ಒಂದೇ ಫೋಟೋ ಇಟ್ಟುಕೊಳ್ಳದೆ ನಾಲ್ಕಾರು ಕೇಳಿ ತೆಗೆದುಕೊಳ್ಳಿ. ‘ಅದು ಹೇಗೆ ಕೂರುತ್ತಿತ್ತು? ಯಾರು ಬಂದರೆ ಬಾಲ ಆಡಿಸುತ್ತಿತ್ತು?’ ಎಂದು ವಿಚಾರಿಸಿ. ಪೆನ್ಸಿಲ್ ಗೆರೆಯಲ್ಲಿರುವಾಗಲೇ ಒಮ್ಮೆ ತೋರಿಸಿ. ‘ಕಿವಿ ಹೀಗಲ್ಲ ಮಾರಾಯ್ರೆ’ ಎಂದರೆ ತಿದ್ದಿಕೊಳ್ಳಿ, ವಾದ ಬೇಡ.

ಪ್ರಾಣಿ ಈಚೆಗಷ್ಟೇ ಸತ್ತಿದ್ದರೆ ಹೇಳದೆ ಕೇಳದೆ ಚಿತ್ರ ತಂದು ಕೈಗಿಡಬೇಡಿ. ಕೆಲವರಿಗೆ ಅದು ಸಮಾಧಾನ, ಕೆಲವರಿಗೆ ಗಾಯ ಮತ್ತೆ ಕೆದಕಿದ ಹಾಗೆ. ಮೊದಲು ಕೇಳಿ. ಬೇಡವೆಂದರೆ ಕಾಯಿರಿ. ನಿಪ್ಪರ್ ಚಿತ್ರಕ್ಕೂ ಮೂರು ವರ್ಷ ಬೇಕಾಯಿತಲ್ಲ! ಬಂಟರ ಭವನದ ಸಮಾರಂಭದಲ್ಲಿ ನಾಲ್ಕು ಜನರ ಮುಂದೆ ಬಿಚ್ಚಿ ತೋರಿಸುವ ಉಡುಗೊರೆಯೂ ಇದಲ್ಲ, ಮನೆಗೇ ಹೋಗಿ ಕೊಡಿ. ಹಸಿ ಚಿತ್ರ ಹಿಡಿದು ಬೆಳಗಿನ ಲೋಕಲ್ ಹತ್ತುವ ಸಾಹಸವಂತೂ ಬೇಡ. ನಿಮ್ಮ ಮೋತಿ ಪಕ್ಕದವರ ಅಂಗಿಯ ಮೇಲೆ ಇಳಿದುಬಿಟ್ಟಾನು!

ಕೊಡುವ ಮೊದಲು ಒಂದು ಕೆಲಸ ಬಾಕಿಯಿದೆ. ಬೋರ್ಡಿನ ಹಿಂಬದಿಯಲ್ಲಿ ಪ್ರಾಣಿಯ ಹೆಸರು, ಮನೆಯವರ ಹೆಸರು, ಇಸವಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಆತಕೂರಿನ ಕಲ್ಲಿನ ಮೇಲೆ ಹೆಸರು ಕೆತ್ತಿದ್ದರಿಂದಲೇ ಸಾವಿರ ವರ್ಷದ ಮೇಲೂ ನಾವು ‘ಕಾಳಿ’ ಎಂದು ಕರೆಯುತ್ತಿದ್ದೇವೆ. ಇಲ್ಲದಿದ್ದರೆ ಅದೂ ಯಾವುದೋ ಒಂದು ನಾಯಿ ಆಗಿಬಿಡುತ್ತಿತ್ತು.

ಈ ಭಾನುವಾರ ಕಿಟಕಿಯ ಬೆಳಕು ಚೆನ್ನಾಗಿದ್ದರೆ ನೆಲದ ಮೇಲೆ ಕುಳಿತು ನಿಮ್ಮ ಮೋತಿಯ ನಾಲ್ಕು ಫೋಟೋ ತೆಗೆಯಿರಿ. ಹಿನ್ನೆಲೆಯಲ್ಲಿ ನಮ್ಮ ಕನ್ನಡ ಕಾರ್ಯಕ್ರಮ ಹಾಕಿಡಿ. ಯಾರಿಗೆ ಗೊತ್ತು, ರೇಡಿಯೋದ ದನಿಗೆ ಅದೂ ತಲೆ ಓರೆ ಮಾಡೀತು!