ತೆರಿಗೆ ನೋಟಿಸ್: ನಂಬಿಕೆ ಎಷ್ಟು, ಕಾನೂನು ಎಷ್ಟು

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗಲ್ಲಾದ ಮುಂದಿದ್ದ ಕ್ಯೂಆರ್ ಕೋಡುಗಳು ಒಂದೊಂದಾಗಿ ಮಾಯವಾದವು. ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಬೋರ್ಡುಗಳು ಬಂದವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಯ ವಿವರ ತರಿಸಿಕೊಂಡು, ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಲಕ್ಷಗಟ್ಟಲೆ ರೂಪಾಯಿಯ ಅಂಕಿ ಕಂಡವರು ಅಂಗಡಿ ಮುಚ್ಚುವ ಮಾತಾಡಿದರು, ಬಂದ್‌ಗೂ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಗದ್ದಲ ತಣ್ಣಗಾಯಿತು.

ಅಂದು ಸಿಕ್ಕಿದ್ದು ಸರ್ಕಾರದ ರಿಯಾಯಿತಿ. ಅಹವಾಲು ಹೇಳಿಕೊಳ್ಳಲು ಕಾನೂನು ಕೊಟ್ಟಿರುವ ಹಕ್ಕು ಬೇರೆಯೇ ಇದೆ, ಅದಕ್ಕೆ ಯಾರ ಸಭೆಯೂ ಬೇಕಿಲ್ಲ. ಆದರೆ ಆ ಹಕ್ಕಿನ ಬಗ್ಗೆ ಅಂಗಡಿಕಟ್ಟೆಗಳಲ್ಲಿ ಓಡಾಡಿದ ತಪ್ಪು ಮಾತುಗಳು ಇನ್ನೂ ಓಡಾಡುತ್ತಲೇ ಇವೆ.

ತಪ್ಪು ಕಲ್ಪನೆ: ನೋಟಿಸ್‌ನಲ್ಲಿರುವ ಮೊತ್ತ ಕಟ್ಟಲೇಬೇಕು.

ವಾಸ್ತವ: ನೋಟಿಸ್ ಎಂಬುದು ಇಲಾಖೆಯ ಆರೋಪ. ‘ಇಷ್ಟು ತೆರಿಗೆ ಬಾಕಿ ಇದೆ ಎಂದು ನಮಗೆ ತೋರುತ್ತಿದೆ, ಯಾಕೆ ಹಾಕಬಾರದು ಹೇಳಿ’ ಎಂದು ಕೇಳುವ ಕಾಗದ ಅದು. ತೆರಿಗೆ ಸಾಲವಾಗಿ ಹೆಗಲೇರುವುದು ಆದೇಶ ಹೊರಟ ಮೇಲೆ. ಜುಲೈ ಗಲಾಟೆಯ ನಡುವೆ ಇಲಾಖೆಯೂ ಇದನ್ನೇ ಹೇಳಿತು: ಇದು ಅಂತಿಮ ಬೇಡಿಕೆಯಲ್ಲ, ದಾಖಲೆ ಸಹಿತ ಉತ್ತರ ಕೊಡಿ ಎಂದು. ಆ ಮಾತನ್ನು ನೋಟಿಸ್‌ನ ಮೊದಲ ಸಾಲಿನಲ್ಲೇ ಸರಳ ಕನ್ನಡದಲ್ಲಿ ಅಚ್ಚು ಹಾಕಿದ್ದರೆ ಅರ್ಧ ಗಾಬರಿ ತಪ್ಪುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ನೋಂದಣಿಯೇ ಇಲ್ಲದವರಿಗೆ ಹಕ್ಕೆಲ್ಲಿಯದು ಎಂದು ಕೇಳುವವರಿದ್ದಾರೆ. ನೋಂದಣಿ ಮಾಡಿಸಬೇಕಿದ್ದೂ ಮಾಡಿಸದವರ ತೆರಿಗೆಯನ್ನು ಅಧಿಕಾರಿ ತನ್ನ ವಿವೇಚನೆಯಂತೆ ನಿರ್ಧರಿಸಲು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 63 ಅಧಿಕಾರ ಕೊಡುತ್ತದೆ, ನಿಜ. ಅದೇ ಸೆಕ್ಷನ್ ಕೊನೆಯಲ್ಲಿ ಇನ್ನೊಂದು ಮಾತನ್ನೂ ಹೇಳುತ್ತದೆ: ಆ ವ್ಯಕ್ತಿಯ ಅಹವಾಲು ಕೇಳದೆ ಅಂಥ ಆದೇಶ ಹೊರಡಿಸುವಂತಿಲ್ಲ.

ತಪ್ಪು ಕಲ್ಪನೆ: ಖಾತೆಗೆ ಬಿದ್ದ ಹಣವೆಲ್ಲ ವ್ಯಾಪಾರವೇ, ಅಧಿಕಾರಿ ಅಂದಾಜು ಹಾಕಿದ್ದೇ ಲೆಕ್ಕ.

ವಾಸ್ತವ: ಅಧಿಕಾರಿ ಅಂದಾಜು ಮಾಡಬಹುದು, ಆದರೆ ಊಹೆಯ ಮೇಲೆ ತೆರಿಗೆ ಹೊರಿಸುವಂತಿಲ್ಲ. ಇದು ಹೊಸ ಮಾತೂ ಅಲ್ಲ. ಢಾಕೇಶ್ವರಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ 1954ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿಬಿಟ್ಟಿದೆ. ತೆರಿಗೆ ಅಧಿಕಾರಿಗೆ ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮಗಳಿಲ್ಲ, ಹಾಗೆಂದು ಆಧಾರವೇ ಇಲ್ಲದೆ ಬರೀ ಅನುಮಾನದಿಂದ ಅಂಕಿ ಕಟ್ಟುವಂತಿಲ್ಲ ಎಂಬುದು ಅದರ ಸಾರ. ತನ್ನ ಬಳಿಯಿರುವ ಯಾವ ಮಾಹಿತಿ ನಂಬಿ ತೆರಿಗೆ ಹಾಕುತ್ತಾನೋ ಅದನ್ನು ತೆರಿಗೆದಾರನಿಗೆ ತೋರಿಸಬೇಕು. ಕಿಶಿನ್‌ಚಂದ್ ಚೆಲ್ಲಾರಾಂ ಪ್ರಕರಣದಲ್ಲಿ 1980ರಲ್ಲಿ ಕೋರ್ಟ್ ಇದನ್ನು ಮತ್ತೆ ಎತ್ತಿ ಹಿಡಿಯಿತು.

ಅಂಗಡಿಯವನ ಯುಪಿಐ ಖಾತೆಗೆ ಕೈಸಾಲ ವಾಪಸ್ ಬಂದಿರುತ್ತದೆ, ಚೀಟಿ ಹಣ ಬಂದಿರುತ್ತದೆ, ಊರಿನಿಂದ ತಮ್ಮ ಕಳಿಸಿದ್ದು ಇರುತ್ತದೆ. ಇವು ವ್ಯಾಪಾರವಲ್ಲ. ತರಕಾರಿ, ಬಿಡಿ ಹಾಲಿನಂಥ ತೆರಿಗೆ ಇಲ್ಲದ ವಸ್ತು ಮಾತ್ರ ಮಾರುವವನಿಗೆ ಕೋಟಿ ವಹಿವಾಟಾದರೂ ಸೆಕ್ಷನ್ 23ರ ಪ್ರಕಾರ ನೋಂದಣಿಯೇ ಬೇಕಿಲ್ಲ. ಹಾಲಿನ ಜತೆ ಬಿಸ್ಕತ್ತೂ ಮಾರಿದರೆ ಲೆಕ್ಕ ಬದಲಾಗುತ್ತದೆ. ಆಗ ಎರಡೂ ಸೇರಿ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು, ತೆರಿಗೆ ಮಾತ್ರ ಬಿಸ್ಕತ್ತಿಗೆ. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ಈ ವಿಂಗಡಣೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇರುವುದಿಲ್ಲ, ವ್ಯಾಪಾರಿಯೇ ಬಿಡಿಸಿ ಹೇಳಬೇಕು. ಅಂದಹಾಗೆ, ಕ್ಯೂಆರ್ ಕೋಡ್ ಕಿತ್ತುಹಾಕಿದ್ದರಿಂದ ಯಾರಿಗೂ ಏನೂ ಲಾಭವಾಗಲಿಲ್ಲ. ಮಿತಿಯ ಲೆಕ್ಕಕ್ಕೆ ನಗದು ಮಾರಾಟವೂ ಸೇರುತ್ತದೆ.

ತಪ್ಪು ಕಲ್ಪನೆ: ವಿಚಾರಣೆಗೆ ಕರೆಯುವುದು ಬಿಡುವುದು ಅಧಿಕಾರಿಯ ಮರ್ಜಿ.

ವಾಸ್ತವ: ಸೆಕ್ಷನ್ 75(4) ಇಲ್ಲಿ ಖಡಾಖಂಡಿತವಾಗಿದೆ. ನೀವು ಲಿಖಿತವಾಗಿ ಕೇಳಿದರೆ ಖುದ್ದು ವಿಚಾರಣೆ ಕೊಡಲೇಬೇಕು. ಕೇಳದಿದ್ದರೂ, ಆದೇಶ ನಿಮ್ಮ ವಿರುದ್ಧ ಹೋಗುವಂತಿದ್ದರೆ ಕೊಡಲೇಬೇಕು. ಸಕಾರಣವಿದ್ದರೆ ದಿನಾಂಕ ಮುಂದೂಡಿಸಿಕೊಳ್ಳಬಹುದು, ಮೂರು ಸಲಕ್ಕಿಂತ ಹೆಚ್ಚಿಲ್ಲ. ಆದೇಶದಲ್ಲಿ ಸಂಗತಿಗಳೂ ತೀರ್ಮಾನದ ಆಧಾರವೂ ಇರಬೇಕು. ‘ಉತ್ತರ ತೃಪ್ತಿಕರವಾಗಿಲ್ಲ’ ಎಂಬ ಒಂದೇ ಸಾಲಿನ ಆದೇಶಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿದ್ದುಂಟು. ವಕೀಲರಿಲ್ಲದೆ ಹೋಗಲಾಗದು ಎಂಬುದೂ ಸುಳ್ಳು. ನೀವೇ ಹೋಗಬಹುದು, ನಿಮ್ಮ ಪರವಾಗಿ ಆಡಿಟರ್ ಹೋಗಬಹುದು, ಅಧಿಕಾರಪತ್ರ ಕೊಟ್ಟರೆ ಸಂಬಂಧಿಕರೂ ಹೋಗಬಹುದು.

ತಪ್ಪು ಕಲ್ಪನೆ: ಆದೇಶ ಬರೆಯುವಾಗ ಇನ್ನಷ್ಟು ಸೇರಿಸಿಬಿಡುತ್ತಾರೆ.

ವಾಸ್ತವ: ಸೇರಿಸುವಂತಿಲ್ಲ. ನೋಟಿಸ್‌ನಲ್ಲಿ ಹೇಳಿದ ಮೊತ್ತ ಮೀರುವಂತಿಲ್ಲ, ಅದರಲ್ಲಿ ಇಲ್ಲದ ಹೊಸ ಕಾರಣ ಹುಡುಕುವಂತಿಲ್ಲ. ಇದು ಸೆಕ್ಷನ್ 75(7).

ತಪ್ಪು ಕಲ್ಪನೆ: ಅಂಚೆಯಲ್ಲಿ ಬಂದು ಸಹಿ ಹಾಕಿ ತಗೊಂಡರೆ ತಾನೇ ನೋಟಿಸ್?

ವಾಸ್ತವ: ಈ ಒಂದು ನಂಬಿಕೆಯಿಂದ ಕೆಟ್ಟವರ ಸಂಖ್ಯೆ ದೊಡ್ಡದು. ಸೆಕ್ಷನ್ 169ರ ಪ್ರಕಾರ ಇಮೇಲ್ ಕೂಡ ಜಾರಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ದೂ ಜಾರಿ. ನೋಂದಣಿ ಮಾಡಿಸುವಾಗ ಆಡಿಟರ್ ತಮ್ಮದೇ ಇಮೇಲ್, ಮೊಬೈಲ್ ನಂಬರು ಕೊಟ್ಟಿರುತ್ತಾರೆ. ವ್ಯಾಪಾರಿ ಪೋರ್ಟಲ್ ತೆರೆದೇ ಇರುವುದಿಲ್ಲ. ನೋಟಿಸ್, ಜ್ಞಾಪನೆ, ಆದೇಶ ಮೂರೂ ಅಲ್ಲೇ ಬಿದ್ದಿರುತ್ತವೆ. ಪೋರ್ಟಲ್‌ನ ‘ಅಡಿಷನಲ್ ನೋಟಿಸಸ್’ ಎಂಬ ಮೂಲೆಯಲ್ಲಿ ಹಾಕಿದ ನೋಟಿಸ್ ಕಣ್ಣಿಗೆ ಬೀಳಲಿಲ್ಲ ಎಂಬ ದೂರಿಗೆ ಹೈಕೋರ್ಟ್‌ಗಳು ಕಿವಿಗೊಟ್ಟಿವೆ, ಮದ್ರಾಸ್ ಹೈಕೋರ್ಟ್ ಅವುಗಳಲ್ಲಿ ಒಂದು. ಆದರೆ ಅಲ್ಲಿವರೆಗೆ ಹೋಗುವ ಖರ್ಚು ಯಾರದು? ತಿಂಗಳಿಗೊಮ್ಮೆಯಾದರೂ ಪೋರ್ಟಲ್ ತೆರೆದು ನೋಡುವುದು ಅಗ್ಗ.

ಕಾಗದ ಅಸಲಿಯೋ ನಕಲಿಯೋ ಎಂಬ ಅನುಮಾನವಿದ್ದರೆ ಅದರ ಮೇಲಿನ ದಾಖಲೆ ಗುರುತು ಸಂಖ್ಯೆ ನೋಡಿ. 2022ರಲ್ಲಿ ಪ್ರದೀಪ್ ಗೋಯಲ್ ಪ್ರಕರಣದಲ್ಲಿ ಇಂಥ ಸಂಖ್ಯೆಯ ವ್ಯವಸ್ಥೆ ಎಲ್ಲ ರಾಜ್ಯಗಳಲ್ಲೂ ಬರಬೇಕು ಎಂಬ ಮಾತು ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಅದನ್ನು ಆಗಲೇ ತಂದಿದ್ದ ರಾಜ್ಯಗಳೆಂದು ಕರ್ನಾಟಕ, ಕೇರಳಗಳ ಹೆಸರು ಬಂತು.

ತಪ್ಪು ಕಲ್ಪನೆ: ಮೇಲ್ಮನವಿ ನಿಧಾನಕ್ಕೆ ಹಾಕಿದರಾಯಿತು, ಹೇಗೂ ಪೂರ್ತಿ ಹಣ ಕಟ್ಟಿದ ಮೇಲೆ ತಾನೇ.

ವಾಸ್ತವ: ಎರಡೂ ಉಲ್ಟಾ. ಜಿಎಸ್‌ಟಿ ಆದೇಶ ಕೈಸೇರಿದ ಮೂರು ತಿಂಗಳೊಳಗೆ ಮೇಲ್ಮನವಿ ಹೋಗಬೇಕು. ಸಕಾರಣವಿದ್ದರೆ ಇನ್ನೊಂದು ತಿಂಗಳು. ಅದಾದ ಮೇಲೆ ಮೇಲ್ಮನವಿ ಪ್ರಾಧಿಕಾರಕ್ಕೆ ಕನಿಕರ ಬಂದರೂ ತಡ ಮನ್ನಿಸುವ ಅಧಿಕಾರ ಕಾಯ್ದೆಯಲ್ಲಿಲ್ಲ. ಮುಂಗಡ ಕಟ್ಟಬೇಕಾದದ್ದು ಒಪ್ಪಿಕೊಂಡ ಬಾಕಿ, ಮತ್ತು ತಕರಾರಿರುವ ತೆರಿಗೆಯ ಶೇ 10. ಅಷ್ಟು ಕಟ್ಟಿದರೆ ಉಳಿದ ಮೊತ್ತದ ವಸೂಲಿ ತಾನಾಗಿ ನಿಲ್ಲುತ್ತದೆ. ಆದಾಯ ತೆರಿಗೆಯಲ್ಲಿ ಮೊದಲ ಮೇಲ್ಮನವಿಗೆ 30 ದಿನ ಮಾತ್ರ. ಅಲ್ಲಿ ವಸೂಲಿ ತಾನಾಗಿ ನಿಲ್ಲುವುದಿಲ್ಲ, ತಡೆ ಕೋರಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಶೇ 20 ಕಟ್ಟಿ ಎನ್ನುತ್ತಾರೆ. ಅದೇನೂ ಕಲ್ಲಿನ ಮೇಲಿನ ಗೆರೆಯಲ್ಲ, ಕಡಿಮೆ ಮೊತ್ತಕ್ಕೂ ತಡೆ ಕೊಡಬಹುದು ಎಂದು ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದೇಶ ಬಂದ ಮರುದಿನವೇ ಬ್ಯಾಂಕ್ ಖಾತೆ ಮುಟ್ಟುವಂತಿಲ್ಲ. ಜಿಎಸ್‌ಟಿಯಲ್ಲಿ ಪಾವತಿಗೆ ಮೂರು ತಿಂಗಳ ಅವಧಿ ಇದೆ, ಅದನ್ನು ಮೊಟಕುಗೊಳಿಸಬೇಕಾದರೆ ಅಧಿಕಾರಿ ಕಾರಣ ಬರೆದಿಡಬೇಕು. ಆದೇಶಕ್ಕೂ ಮೊದಲೇ ಖಾತೆ ತಡೆಹಿಡಿಯುವ ಸೆಕ್ಷನ್ 83 ಒಂದಿದೆ. ಅದು ಕಠೋರ ಅಧಿಕಾರ, ಹಗುರವಾಗಿ ಬಳಸಬಾರದು ಎಂದು ರಾಧಾ ಕೃಷನ್ ಇಂಡಸ್ಟ್ರೀಸ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿತು.

ತಪ್ಪು ಕಲ್ಪನೆ: ಅಧಿಕಾರಿ ಕ್ರಮ ತಪ್ಪಿದರೆ ತೆರಿಗೆ ಮಾಫಿ.

ವಾಸ್ತವ: ಅಹವಾಲು ಕೇಳದ ಆದೇಶ ನಿಲ್ಲುವುದಿಲ್ಲ, ಸರಿ. ಮೇಲ್ಮನವಿಯಲ್ಲಿ ಹೇಗೂ ಅವಕಾಶ ಸಿಗುತ್ತದಲ್ಲ ಎಂಬ ಸಬೂಬನ್ನು ಟಿನ್ ಬಾಕ್ಸ್ ಕಂಪನಿ ಪ್ರಕರಣದಲ್ಲಿ 2001ರಲ್ಲೇ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಸಹಜ ನ್ಯಾಯ ಮುರಿದಿದ್ದರೆ ನೇರವಾಗಿ ಹೈಕೋರ್ಟ್‌ಗೆ ರಿಟ್ ಹಾಕಲೂ ದಾರಿಯಿದೆ. ಆದರೆ ಗೆದ್ದವರ ಕೈಗೆ ಸಿಗುವುದು ಬಹುತೇಕ ಸಲ ಇಷ್ಟೇ: ಆದೇಶ ರದ್ದು, ಪ್ರಕರಣ ಮರಳಿ ಅದೇ ಅಧಿಕಾರಿಯ ಮೇಜಿಗೆ, ಹೊಸದಾಗಿ ಕೇಳಿ ತೀರ್ಮಾನಿಸಿ ಎಂಬ ನಿರ್ದೇಶನ. ಹಾಗಾಗಿ ಕ್ರಮದ ಲೋಪವನ್ನಷ್ಟೇ ನೆಚ್ಚಿಕೊಂಡು ಲೆಕ್ಕಪತ್ರ ಮಾಡಿಡದವನು ಎರಡನೇ ಸುತ್ತಿನಲ್ಲಿ ಸೋಲುತ್ತಾನೆ.

ನೋಟಿಸ್ ಬಂದರೆ ಕೊಟ್ಟ ಗಡುವಿನೊಳಗೆ ಉತ್ತರ ಬರೆಯಿರಿ. ಪೂರ್ತಿ ದಾಖಲೆ ಸಿದ್ಧವಿಲ್ಲದಿದ್ದರೆ ಸಮಯ ಕೇಳಿ ಬರೆಯಿರಿ. ಅದೇ ಪತ್ರದಲ್ಲಿ ಖುದ್ದು ವಿಚಾರಣೆ ಬೇಕೆಂದೂ, ಇಲಾಖೆ ನೆಚ್ಚಿಕೊಂಡಿರುವ ಮಾಹಿತಿಯ ಪ್ರತಿ ಬೇಕೆಂದೂ ಕೇಳಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.